ಮುನ್ನೂರು ಪುಟ ಬಾಯಿ ಬಿಡದ ಹೀರೋ ಕೊನೇ ಹತ್ತು ಪುಟದಲ್ಲಿ ‘ಸಾರಿ’ ಅಂದ್ರೆ ಯಾಕೆ ಒಗ್ಗಲ್ಲ?

ಕೊನೇಪುಟ
ಈಚಿನ ರೊಮ್ಯಾನ್ಸ್ ಕಾದಂಬರಿಗಳ ಬಗ್ಗೆ ಕೇಳ್ತಿದ್ದೀನಿ. ಇಂಗ್ಲಿಷಿನವೂ ಅಷ್ಟೇ, ಆಪ್‌ಗಳಲ್ಲಿ ಕಂತಾಗಿ ಬರೋ ಕನ್ನಡದವೂ ಅಷ್ಟೇ. ಹೀರೋ ಕಲ್ಲು. ಮನಸ್ಸಲ್ಲಿ ಏನಿದೆ ಅಂತ ಹೇಳಲ್ಲ, ಕೇಳಿದ್ರೆ ಎದ್ದು ಹೋಗ್ತಾನೆ. ಮುಕ್ಕಾಲು ಪುಸ್ತಕ ಆಗೋ ಹೊತ್ತಿಗೆ ಕರುಳು ಕಿತ್ತು ಬರೋ ಹಾಗೆ ಏನೋ ಒಂದು ಅಂದು ಹೊರಟುಹೋಗ್ತಾನೆ. ಆಮೇಲೆ ಒಂದು ಆಕ್ಸಿಡೆಂಟು ಇಲ್ಲಾ ಏರ್‌ಪೋರ್ಟು, ಒಂದು ಪ್ಯಾರಾ ಕ್ಷಮೆ, ಎಪಿಲಾಗ್‌ನಲ್ಲಿ, ಅಂದ್ರೆ ಕಥೆ ಮುಗಿದ ಮೇಲಿನ ಪುಟಗಳಲ್ಲಿ, ಮಗು.

ಕಲ್ಲು ಹೀರೋನೇ ಬೇಡ ಅಂತಲ್ಲ. ಅವನು ಕರಗೋದನ್ನ ನೋಡೋಕೇ ತಾನೇ ನಾವು ಓದೋದು? ಆದ್ರೆ ಕರಗಿದ್ದು ಕಣ್ಣಿಗೆ ಬೀಳೋದೇ ಇಲ್ಲ. ಎಲ್ಲಿ ತಪ್ಪುತ್ತೆ ಅಂತ ಬರೆಯೋರು, ತಿದ್ದೋರು ಬಿಡಿಸಿ ಹೇಳಿ. ಮಾತಾಡೋಕೆ ಅನುಕೂಲ ಆಗ್ಲಿ ಅಂತ ಒಂದು ಕರಡಿನ ರಾಜಿ ದೃಶ್ಯ ಹಾಕ್ತಿದ್ದೀನಿ. ಹಿನ್ನೆಲೆ: ಅವಳ ಅಪ್ಪನ ಆಪರೇಷನ್ ದಿನ ಇವನು ಫೋನ್ ಎತ್ತಲಿಲ್ಲ. ಮಾರನೇ ದಿನ ಅವಳು ಕೇಳಿದಾಗ ರೇಗಿದ. ಮೂರು ತಿಂಗಳು ಇಬ್ಬರಿಗೂ ಮಾತಿಲ್ಲ. ಈಗ ಅವಳ ಮನೆ ಬಾಗಿಲಲ್ಲಿ ನಿಂತಿದ್ದಾನೆ.

«ತಪ್ಪಾಯ್ತು ಕಣೇ. ಆವತ್ತು ಏನೇನೋ ಅಂದುಬಿಟ್ಟೆ. ನಿನಗೆ ನೋವಾಗಿದ್ರೆ ಕ್ಷಮಿಸು. ಚಿಕ್ಕಂದಿನಿಂದ ನಂಗೆ ಯಾರೂ ಪ್ರೀತಿ ತೋರಿಸಿಲ್ಲ. ನೀನಿಲ್ದೆ ನಂಗೆ ಬದುಕೋಕಾಗಲ್ಲ.»

ಅವಳು ಅತ್ತು ಅವನನ್ನ ತಬ್ಬಿಕೊಳ್ತಾಳೆ. ಮುಗೀತು.

ಮಲ್ಲಿಗೆಮೊಗ್ಗು
ಅವಳು ಯಾಕೆ ತಬ್ಬಿಕೊಂಡಳು? ಆ ಐದು ವಾಕ್ಯದಲ್ಲಿ ಅಪ್ಪನ ಹೆಸರೇ ಬಂದಿಲ್ಲ.

ಕರಡುತಿದ್ದು
ಮೊದಲು ಲೆಕ್ಕ ನೋಡಿ, ಅರ್ಧ ರೋಗ ಅಲ್ಲೇ ಇದೆ. ಇಂಗ್ಲಿಷ್ ರೊಮ್ಯಾನ್ಸ್ ಪ್ರಕಾಶಕರಾದ ಹಾರ್ಲೆಕ್ವಿನ್‌ನ ‘ಪ್ರೆಸೆಂಟ್ಸ್’ ಸಾಲಿನ ಪುಸ್ತಕಗಳು ಸುಮಾರು 50,000 ಪದದವು. ಸಣ್ಣ ರೊಮ್ಯಾನ್ಸಿಗೆ ಅದನ್ನೇ ಅಳತೆ ಅಂತ ಇಟ್ಕೊಳ್ಳಿ. ಬ್ರೇಕಪ್ಪನ್ನ ಶೇ 80ಕ್ಕೆ ಇಟ್ಟರೆ 40,000 ಪದ ಮುಗಿದಿರುತ್ತೆ, ಉಳಿಯೋದು 10,000. ಅದರಲ್ಲಿ ಅವಳ ಅಳು, ಗೆಳತಿಯ ಬುದ್ಧಿಮಾತು, ಅವನ ಕುಡಿತ, ಅಣ್ಣನೋ ಸ್ನೇಹಿತನೋ ಬಂದು ಅವನಿಗೆ ಬೈಯೋದು, ಇಷ್ಟಕ್ಕೇ 6,000 ಹೋಗುತ್ತೆ. ಎಪಿಲಾಗ್‌ಗೆ 2,000. ಏರ್‌ಪೋರ್ಟಿಗೆ ಓಡೋದಕ್ಕೆ ಒಂದು ಸಾವಿರ. ಕ್ಷಮೆಗೆ ಮಿಕ್ಕಿದ್ದು ಒಂದೇ ಸಾವಿರ. ಐದು ಸಾಲಲ್ಲಿ ಮುಗಿಸದೆ ಇನ್ನೇನು ಮಾಡ್ತಾರೆ?

ಬ್ರೇಕಪ್ಪನ್ನ ಶೇ 70ಕ್ಕೆ ತಳ್ಳಿ, 15,000 ಪದ ಸಿಗುತ್ತೆ. ಬೇರೆಯಾಗಿರೋ ಕಾಲಕ್ಕೆ 3,000 ಸಾಕು. ಅವನು ಬದಲಾದದ್ದು *ಕೆಲಸದಲ್ಲಿ* ಕಾಣೋದಕ್ಕೆ 7,000 ಕೊಡಿ. ಕೂತು ಮಾತಾಡೋ ದೃಶ್ಯಕ್ಕೆ 2,500. ಉಳಿದ 2,500ರಲ್ಲಿ ರಾಜಿಯಾದ ಮೇಲಿನ ಒಂದು ಸಾಮಾನ್ಯ ದಿನ ತೋರಿಸಿ. ಹಳೇ ಪರಿಸ್ಥಿತಿನೇ ಮತ್ತೆ ಬರಬೇಕು, ಈ ಸಲ ಅವನು ಬೇರೆ ಥರ ನಡ್ಕೋಬೇಕು. ನಿಮ್ಮ ಕರಡಿಗೆ ಮಗು ಬೇಡ. ಅವಳ ಫೋನ್ ಬಂದಾಗ ಅವನು ಎತ್ತೋದು ಬೇಕು.

ಬೇವುಬೆಲ್ಲ
ಲೆಕ್ಕ ಒಪ್ಪಿದೆ. ಆದ್ರೆ ಪದ ಜಾಸ್ತಿ ಕೊಟ್ಟ ಮಾತ್ರಕ್ಕೆ ರಾಜಿ ರುಚಿಸಲ್ಲ. ಎಂಟು ಅಧ್ಯಾಯ ಹೂಗುಚ್ಛ ಕಳಿಸಿ, ಮಳೇಲಿ ನಿಂತು, ಮೊಣಕಾಲೂರಿದರೂ ಒಗ್ಗದ ಪುಸ್ತಕಗಳಿವೆ. ಇಂಗ್ಲಿಷ್ ಓದುಗರು ಇದಕ್ಕೆ ‘ಗ್ರಾವೆಲ್’ ಅಂತಾರಲ್ಲ, ಅಂಗಲಾಚೋದು, ಅದನ್ನೇ ಕೆಲವರು ತೂಕ ಹಾಕಿ ಕೇಳ್ತಾರೆ. ತೂಕ ಅಲ್ಲ ಮುಖ್ಯ, ತಪ್ಪಿನ ಜಾತಿಗೆ ಪರಿಹಾರದ ಜಾತಿ ಹೊಂದಬೇಕು. ಫೋನ್ ಎತ್ತದೆ ಇದ್ದವನು ಹೂವು ತಂದರೆ ಅದು ಬೇರೆ ಅಂಗಡಿ ಸಾಲ ತೀರಿಸಿದ ಹಾಗೆ.

ಹಳೇಪುಸ್ತಕ
ಇದಕ್ಕೆ 1813ರಲ್ಲೇ ಸರಿಯಾದ ಮಾದರಿ ಸಿಕ್ಕಿದೆ. ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ 61 ಅಧ್ಯಾಯ. ಹೀರೋ ಡಾರ್ಸಿ ನಾಯಕಿ ಎಲಿಜಬೆತ್‌ಗೆ ಬಿಗುಮಾನದಿಂದ ಮದುವೆ ಪ್ರಸ್ತಾಪ ಮಾಡಿ ಉಗಿಸಿಕೊಳ್ಳೋದು 34ರಲ್ಲಿ, ಅಂದರೆ ಶೇ 56ರ ಹತ್ತಿರ. ಮಾರನೇ ಬೆಳಿಗ್ಗೆ ಪತ್ರ ಕೊಡ್ತಾನೆ, 35. ಎರಡನೇ ಪ್ರಸ್ತಾಪ 58ರಲ್ಲಿ. ನಡುವೆ 20ಕ್ಕೂ ಹೆಚ್ಚು ಅಧ್ಯಾಯ! ಅಷ್ಟರಲ್ಲಿ ಅವನು ‘ನಾನು ಬದಲಾಗಿದ್ದೀನಿ’ ಅಂತ ಬಾಯಲ್ಲಿ ಹೇಳಲ್ಲ. ಯಾರನ್ನ ಕೀಳಾಗಿ ಕಂಡಿದ್ದನೋ ಆ ಕುಟುಂಬದ ನೆಂಟರನ್ನ ತನ್ನ ಬಂಗಲೆ ಪೆಂಬರ್ಲಿಯಲ್ಲಿ ಮರ್ಯಾದೆಯಿಂದ ಮಾತಾಡಿಸ್ತಾನೆ. ಎಲಿಜಬೆತ್‌ಳ ತಂಗಿ ಲಿಡಿಯಾ ವಿಕಮ್ ಅನ್ನೋನ ಜೊತೆ ಓಡಿಹೋದಾಗ, ಅವರ ಮದುವೆ ಆಗಲಿ ಅಂತ ಅವನ ಸಾಲ ತೀರಿಸ್ತಾನೆ, ಅದನ್ನೂ ಮುಚ್ಚಿಡ್ತಾನೆ. ಲಿಡಿಯಾ ಬಾಯ್ತಪ್ಪಿ ಅಂದಿದ್ದರಿಂದ, ಆಮೇಲೆ ಅತ್ತೆ ಬರೆದ ಪತ್ರದಿಂದ ಎಲಿಜಬೆತ್‌ಗೆ ಗೊತ್ತಾಗುತ್ತೆ.

ಬೇವುಬೆಲ್ಲ ಹೇಳಿದ ‘ಜಾತಿ ಹೊಂದೋದು’ ಇದೇ. ತಪ್ಪು ಅಹಂಕಾರದ್ದು, ಅವಳ ಮನೆಯವರನ್ನ ಹೀಗಳೆದದ್ದು. ಅದಕ್ಕೆ ಅವಳ ಮನೆಯವರ ಮಾನ ಕಾಪಾಡೋ ಕೆಲಸಕ್ಕೇ, ತನಗೆ ಅಸಹ್ಯ ಅನ್ನಿಸೋ ಮನುಷ್ಯನ ಜೊತೆ ಕೂತು ವ್ಯವಹಾರ ಮಾಡ್ತಾನೆ.

ಧಾರವಾಡಪೇಡೆ
ಹೌದ್ರೀ, ಆದ್ರ ಡಾರ್ಸಿ ಶ್ರೀಮಂತ ಅದಾನ. ರೊಕ್ಕ ಕೊಟ್ಟು ತಪ್ಪು ತಿದ್ದೋದು ಎಲ್ಲಾರಿಗೂ ಆಗೂದಿಲ್ಲ. ಈಗಿನ ಕಾದಂಬರಿಯೊಳಗ ಇದನ್ನ ನೋಡೇ ಹೀರೋ ಕಂಪನಿ ಕೊಂಡು ಅಕಿ ಹೆಸರಿಗೆ ಬರೀತಾನ. ಅದು ರಾಜಿ ಅಲ್ಲ, ಖರೀದಿ ಆತು.

ಹಳೇಪುಸ್ತಕ
ಒಪ್ಪಿದೆ. ಡಾರ್ಸಿ ಕೊಟ್ಟದ್ದು ಅವಳ ಕೈಗಲ್ಲ, ಅವಳಿಗೆ ಗೊತ್ತಾಗಬಾರದು ಅಂತ ಕೊಟ್ಟದ್ದು. ಎರಡನೇ ಪ್ರಸ್ತಾಪದಲ್ಲಿ ಅದನ್ನ ತೋರಿಸಿ ಏನನ್ನೂ ಕೇಳಲ್ಲ. ನಿನ್ನ ಮನಸ್ಸು ಏಪ್ರಿಲ್‌ನಲ್ಲಿ ಇದ್ದ ಹಾಗೇ ಇದ್ದರೆ ಒಂದೇ ಮಾತಿಗೆ ನಾನು ಸುಮ್ಮನಾಗ್ತೀನಿ ಅಂತಾನೆ. ನೀವು ಹೇಳೋ ಕಂಪನಿ ಹೀರೋಗಳು ಬಿಡೋದು ಈ ಭಾಗವನ್ನೇ. ಅವಳಿಗೆ ‘ಇಲ್ಲ’ ಅನ್ನೋಕೆ ಜಾಗ ಇರಬೇಕು.

ಮಲ್ಲಿಗೆಮೊಗ್ಗು
ಹಾಗಾದ್ರೆ ಆಕ್ಸಿಡೆಂಟ್ ಯಾಕೆ ಕೆಟ್ಟದು ಅಂತಲೂ ಗೊತ್ತಾಯ್ತು. ಐಸಿಯುನಲ್ಲಿ ಮಲಗಿರೋನಿಗೆ ಯಾರು ‘ಇಲ್ಲ’ ಅಂತಾರೆ?

ಮನಸುಓದು
ಹೀರೋ ಯಾಕೆ ಕಲ್ಲು ಅನ್ನೋದನ್ನೇ ಬರೆಯೋರು ಗೊಂದಲ ಮಾಡ್ಕೊಳ್ತಾರೆ. ಮಕ್ಕಳು ಸಾಕಿದವರನ್ನ ಅಂಟಿಕೊಳ್ಳೋ ಬಗೆಯ ಬಗ್ಗೆ ಮನಶ್ಶಾಸ್ತ್ರಜ್ಞರಾದ ಬೌಲ್ಬಿ, ಏನ್ಸ್‌ವರ್ತ್ ಕಂಡದ್ದನ್ನ ಹೇಜನ್ ಮತ್ತು ಶೇವರ್ 1987ರಲ್ಲಿ ದೊಡ್ಡವರ ಪ್ರೇಮಕ್ಕೆ ತಂದರು. 1991ರಲ್ಲಿ ಬಾರ್ತಲೋಮ್ಯೂ ಮತ್ತು ಹೊರೊವಿಟ್ಜ್ ದೂರ ಸರಿಯೋರಲ್ಲೇ ಎರಡು ಬಗೆ ಬಿಡಿಸಿದರು. ಒಬ್ಬನಿಗೆ ‘ನಂಗೆ ಯಾರೂ ಬೇಕಾಗಿಲ್ಲ’ ಅನ್ನೋದೇ ಹೆಮ್ಮೆ. ಇನ್ನೊಬ್ಬನಿಗೆ ಬೇಕು, ಆದ್ರೆ ಹತ್ತಿರ ಹೋದರೆ ಬಿಟ್ಟುಹೋಗ್ತಾರೆ ಅನ್ನೋ ಭಯ.

ಕಾದಂಬರೀಲಿ ಇವರಿಬ್ಬರನ್ನೂ ಒಂದೇ ಅಚ್ಚಿಗೆ ಹಾಕ್ತಾರೆ. ಮೊದಲನೆಯವನು ಜಗಳ ಆದಾಗ ಕೆಲಸದಲ್ಲಿ ಮುಳುಗ್ತಾನೆ, ಅವಳ ಸಣ್ಣಪುಟ್ಟ ಕೊರತೆ ಎಣಿಸ್ತಾನೆ, ಬಿಟ್ಟ ವಾರ ಹಗುರಾದೆ ಅಂದ್ಕೊಳ್ತಾನೆ. ನೋವು ತಡವಾಗಿ ಹತ್ತುತ್ತೆ. ಅಂಥವನು ಬ್ರೇಕಪ್ಪಿನ ಮಾರನೇ ದಿನವೇ ಗಡ್ಡ ಬಿಟ್ಟು ಬಾಟ್ಲಿ ಹಿಡಿದರೆ ಓದುಗರಿಗೆ ಸುಳ್ಳು ಅನ್ನಿಸುತ್ತೆ. ಎರಡನೆಯವನು ಹತ್ತಿರ ಬಂದ *ಮೇಲೆ* ಓಡ್ತಾನೆ, ಒಳ್ಳೇ ರಾತ್ರಿ ಕಳೆದ ಬೆಳಿಗ್ಗೆಯೇ. ಅವನ ರಾಜಿಯಲ್ಲಿ ದೊಡ್ಡ ಮಾತು ಬೇಡ. ಓಡಬೇಕು ಅನ್ನಿಸಿದಾಗ ಓಡದೆ ‘ನಂಗೆ ಈಗ ಭಯ ಆಗ್ತಿದೆ’ ಅಂತ ಅವನ ಬಾಯಿಂದ ಒಂದು ಸಲ ಬಂದರೆ ಸಾಕು.

ನಿಮ್ಮ ಕರಡಿನವನು ಯಾವ ಬಗೆ?

ಕೊನೇಪುಟ
ಮೊದಲನೇ ಬಗೆ. ಫೋನ್ ನೋಡಿದ, ಮೀಟಿಂಗ್ ಇದೆ ಅಂತ ತನಗೇ ಹೇಳ್ಕೊಂಡ.

ಬೇವುಬೆಲ್ಲ
ಹಾಗಿದ್ರೆ ‘ಚಿಕ್ಕಂದಿನಿಂದ ಯಾರೂ ಪ್ರೀತಿ ತೋರಿಸಿಲ್ಲ’ ಅನ್ನೋ ಸಾಲು ಅವನ ಬಾಯಿಗೆ ಹೊಂದಲ್ಲ. ತನಗೆ ಏನೂ ಕೊರತೆ ಇಲ್ಲ ಅಂತ ನಂಬಿರೋನು ಅವನು.

ಮನಸುಓದು
ಹೊಂದಿದರೂ ಆ ಜಾಗದಲ್ಲಿ ಕೆಲಸ ಮಾಡಲ್ಲ. ಲೆವಿಕಿ ಅನ್ನೋ ಸಂಶೋಧಕರು ಮತ್ತು ಜೊತೆಗಾರರು 2016ರಲ್ಲಿ ಕ್ಷಮೆಯನ್ನ ಆರು ಭಾಗ ಮಾಡಿ ಜನರ ಮುಂದಿಟ್ಟರು: ವಿಷಾದ, ಏನಾಯ್ತು ಅನ್ನೋ ವಿವರಣೆ, ತಪ್ಪು ನನ್ನದು ಅಂತ ಒಪ್ಪೋದು, ಇನ್ನು ಮಾಡಲ್ಲ ಅನ್ನೋದು, ಸರಿಪಡಿಸ್ತೀನಿ ಅನ್ನೋದು, ಕ್ಷಮಿಸು ಅಂತ ಕೇಳೋದು. ಹೆಚ್ಚು ತೂಗಿದ್ದು ‘ತಪ್ಪು ನನ್ನದು’, ಅದರ ಹಿಂದೆಯೇ ‘ಸರಿಪಡಿಸ್ತೀನಿ’. ಎಲ್ಲಕ್ಕಿಂತ ಕಡಿಮೆ ತೂಗಿದ್ದು ‘ಕ್ಷಮಿಸು’. ಕರಡಿನಲ್ಲಿ ಕಡಿಮೆ ತೂಗಿದ್ದು ಇದೆ, ಹೆಚ್ಚು ತೂಗಿದ ಎರಡೂ ಇಲ್ಲ. ಬಾಲ್ಯದ ಗಾಯ ಅನ್ನೋದು ವಿವರಣೆ. ವಿವರಣೆಯನ್ನ ಬ್ರೇಕಪ್ಪಿಗೆ ಮೊದಲೇ ಓದುಗರಿಗೆ ಕೊಟ್ಟಿರಬೇಕು, ಕ್ಷಮೆಯ ಜಾಗದಲ್ಲಿ ತಂದರೆ ನೆಪ ಆಗುತ್ತೆ.

ಕಂತುಕತೆ
ಆಪ್‌ನಲ್ಲಿ ಬರೆಯೋರ ಕಷ್ಟ ಬೇರೆ, ಅದನ್ನೂ ಕೇಳಿ. ಕಂತು ಸಾವಿರ ಪದದ ಆಸುಪಾಸು, ಪ್ರತಿ ಕಂತಿನ ಕೊನೆಗೂ ಮುಂದಿನದನ್ನ ಓದಿಸೋ ಒಂದು ಕೊಕ್ಕೆ ಬೇಕು. ಹೀರೋ ಕರಗಿದರೆ ಕೊಕ್ಕೆ ಹೋಯ್ತು ಅನ್ನೋ ಭಯ. ಅದಕ್ಕೇ 60ನೇ ಕಂತಲ್ಲಿ ಕರಗಿದವನು 63ರಲ್ಲಿ ಮತ್ತೆ ಕಲ್ಲಾಗ್ತಾನೆ, 75ರಲ್ಲಿ ಕರಗ್ತಾನೆ, 80ರಲ್ಲಿ ಕಲ್ಲು. 120ಕ್ಕೆ ನಿಜವಾದ ರಾಜಿ ಬಂದರೂ ಓದುಗರು ನಂಬಲ್ಲ, ಆಗಲೇ ಎರಡು ಸಲ ಮೋಸ ಹೋಗಿದ್ದಾರೆ.

ಇದಕ್ಕೆ ಮದ್ದು: ಅವನು ಅವಳಿಗೆ ಬಿಟ್ಟುಕೊಟ್ಟದ್ದನ್ನೆಲ್ಲ ಒಂದು ಹಾಳೇಲಿ ಕಂತಿನ ಸಂಖ್ಯೆ ಹಾಕಿ ಬರೆದಿಡಿ. 22ರಲ್ಲಿ ಅಮ್ಮನ ಫೋಟೊ ತೋರಿಸಿದ. 41ರಲ್ಲಿ ಸಾಲದ ವಿಷಯ ಹೇಳಿದ. ಒಮ್ಮೆ ಕೊಟ್ಟದ್ದನ್ನ ವಾಪಸ್ ತಗೋಬಾರದು. ಮುಂದಿನ ತಿಕ್ಕಾಟ ಅವನು ಇನ್ನೂ *ಕೊಡದೆ* ಇರೋ ವಿಷಯದ ಮೇಲೆ ಬರಬೇಕು, ಇಲ್ಲಾ ಹೊರಗಿನಿಂದ ಬರಬೇಕು: ವರ್ಗಾವಣೆ, ಆಸ್ತಿ ಭಾಗ, ಅವಳ ಕೆಲಸ. ಅವನು ಹೀಗೆ ಏನಾದ್ರೂ ಬಿಟ್ಟುಕೊಟ್ಟದ್ದೇ ಕಲ್ಲಿನ ಬಿರುಕು, ಮೊದಲ ಅರ್ಧದಲ್ಲಿ ಅಂಥವು ಕಡಿಮೆ ಅಂದರೆ ಮೂರು ಬೇಕು. ಅವಳನ್ನ ಬೇರೆಯವರ ಜೊತೆ ನೋಡಿ ಹಲ್ಲು ಕಡಿಯೋದನ್ನ ಬಿರುಕು ಅಂತ ಲೆಕ್ಕ ಹಾಕಬೇಡಿ. ಹೊಟ್ಟೆಕಿಚ್ಚಿನಲ್ಲಿ ಅವನು ಅವಳಿಗೆ ಏನನ್ನೂ ಕೊಡಲ್ಲ.

ಧಾರವಾಡಪೇಡೆ
ಆ ಹಾಳಿ ಮಾತು ಭಾಳ ಛಲೋ ಹೇಳಿದ್ರಿ.

ಕರಡುತಿದ್ದು
ಇನ್ನೊಂದು ದೊಡ್ಡ ಗುಂಡಿ: ಎರಡು ದನಿಯ ನಿರೂಪಣೆ. ಒಂದು ಅಧ್ಯಾಯ ಅವಳದು, ಒಂದು ಅವನದು. 12ನೇ ಅಧ್ಯಾಯದಲ್ಲಿ ಅವನು ರಾತ್ರಿಯಿಡೀ ನಿದ್ದೆಗೆಟ್ಟು ಅವಳ ದುಪಟ್ಟಾ ಹಿಡ್ಕೊಂಡು ಕೂತಿದ್ದು ಓದುಗರಿಗೆ ಗೊತ್ತು. ಅವರು ಆಗಲೇ ಕ್ಷಮಿಸಿಬಿಟ್ಟಿರ್ತಾರೆ, ಲೇಖಕಿಯೂ ಕ್ಷಮಿಸಿರ್ತಾರೆ. ಆದ್ರೆ ಆ ಅಧ್ಯಾಯ *ಅವಳು* ಓದಿಲ್ಲ! ಅವಳಿಗೆ ಗೊತ್ತಿರೋದು ಬೆಳಿಗ್ಗೆ ಅವನು ಮುಖ ತಿರುಗಿಸಿಕೊಂಡು ಹೋದದ್ದಷ್ಟೇ. ತಿದ್ದುವಾಗ ಅವನ ಅಧ್ಯಾಯಗಳನ್ನೆಲ್ಲ ಪಕ್ಕಕ್ಕಿಟ್ಟು, ಬರೀ ಅವಳವನ್ನ ಒಂದೇ ಉಸಿರಿಗೆ ಓದಿ. ಅಷ್ಟರಿಂದಲೇ ಅವಳು ‘ಹೂಂ’ ಅನ್ನಬಹುದಾ? ಆಗದಿದ್ದರೆ ರಾಜಿ ಇನ್ನೂ ಆಗಿಲ್ಲ.

ಕೊನೇಪುಟ
ಇದು ಹೊಳೆದೇ ಇರಲಿಲ್ಲ. ದುಪಟ್ಟಾ ಬದಲು ನಮ್ಮವನು ಅವಳ ಹಳೇ ಮೆಸೇಜ್ ಓದ್ತಾ ಕೂರ್ತಾನೆ, ಅಷ್ಟೇ ವ್ಯತ್ಯಾಸ.

ಕಡಲತೀರ
ಎಲ್ಲರೂ ರಾಜಿ ಹೇಗೆ ಮಾಡಿಸೋದು ಅಂತ ಹೇಳ್ತಿದ್ದೀರಿ. ಮಾಡಿಸಲೇಬೇಕಾ? ಸುಧಾ ಮೂರ್ತಿಯವರ ‘ಮಹಾಶ್ವೇತೆ’ ನೋಡಿ. ಅನುಪಮಾಳಿಗೆ ತೊನ್ನು ಬಂದಾಗ ಗಂಡ ಆನಂದ ವಿದೇಶದಲ್ಲಿ ತೆಪ್ಪಗಿದ್ದುಬಿಡ್ತಾನೆ. ಅವಳು ಮುಂಬೈಗೆ ಹೋಗಿ ತನ್ನ ಕಾಲ ಮೇಲೆ ನಿಂತ ಮೇಲೆ ಬಂದು ಕರೀತಾನೆ. ಅವಳು ಒಪ್ಪಲ್ಲ. ಆ ನಿರಾಕರಣೆಯಲ್ಲಿ ಸಿಗೋ ಸಮಾಧಾನ ಈಗಿನ ನೂರು ಎಪಿಲಾಗ್‌ನಲ್ಲಿ ಸಿಗಲ್ಲ.

ಬೇವುಬೆಲ್ಲ
ಅದು ಬಹಳ ಒಳ್ಳೇ ಕಾದಂಬರಿ, ಆದ್ರೆ ರೊಮ್ಯಾನ್ಸ್ ಅಲ್ಲವಲ್ಲ. ಅಮೆರಿಕದ ರೊಮ್ಯಾನ್ಸ್ ಬರಹಗಾರರ ಸಂಘ ಎರಡೇ ಷರತ್ತು ಇಟ್ಟಿದೆ: ಪ್ರೇಮಕಥೆ ನಡುವೆ ಇರಬೇಕು, ಕೊನೆ ಭಾವನಾತ್ಮಕವಾಗಿ ತೃಪ್ತಿ ಕೊಟ್ಟು ಭರವಸೆ ಉಳಿಸಬೇಕು. ಕೂಡ್ತಾರೆ ಅಂತ ನಂಬಿ ಓದೋಕೆ ಕೂತವರಿಗೆ ಕೊನೇಲಿ ಅಗಲಿಸಿದರೆ ಕೊಟ್ಟ ಮಾತು ಮುರಿದ ಹಾಗೆ.

ಕಡಲತೀರ
ಷರತ್ತಿನಲ್ಲಿ ‘ತೃಪ್ತಿ’ ಅಂತಲೂ ಇದೆಯಲ್ಲ? ಬರೀ ಕೂಡಿಸಿ ತೃಪ್ತಿ ಕೊಡದಿದ್ದರೆ ಅದೂ ಮಾತು ಮುರಿದ ಹಾಗೇ. ನಾನು ಹೇಳೋದು ಇಷ್ಟೇ: ಅವಳು ‘ಬೇಡ’ ಅಂದಿದ್ದರೂ ಪುಸ್ತಕ ನಿಲ್ಲುತ್ತಿತ್ತು ಅನ್ನೋ ಮಟ್ಟಕ್ಕೆ ಅವಳ ಬದುಕನ್ನ ಕಟ್ಟಿ. ಆಮೇಲೆ ‘ಬಾ’ ಅಂದರೆ ಅದಕ್ಕೆ ಬೆಲೆ. ಅನುಪಮಾಳಿಗೆ ಸಂಸ್ಕೃತ ಪಾಠ ಹೇಳೋ ಕೆಲಸ ಇದೆ, ಸ್ನೇಹಿತರಿದ್ದಾರೆ. ನಮ್ಮ ಆಪ್ ಹೀರೋಯಿನ್‌ಗಳಿಗೆ ಬ್ರೇಕಪ್ ಆದಮೇಲೆ ಕಿಟಕಿ ಒಂದು ಬಿಟ್ಟು ಏನೂ ಇರಲ್ಲ.

ಬೇವುಬೆಲ್ಲ
ಇದನ್ನ ಪೂರ್ತಿ ಒಪ್ತೀನಿ.

ಹಳೇಪುಸ್ತಕ
ಅವಳ ಪಾಲಿನ ಮಾತು ಬಂದದ್ದಕ್ಕೆ ಹೇಳ್ತೀನಿ. ಒಗ್ಗದ ರಾಜಿಯನ್ನ ಲೇಖಕಿಯೇ ಕಂಡುಹಿಡಿದು ತಿದ್ದಿದ್ದಕ್ಕೆ ಕೈಬರಹದ ಸಾಕ್ಷಿ ಇದೆ. ಜೇನ್ ಆಸ್ಟಿನ್ ‘ಪರ್ಸುಯೇಶನ್’ ಕೊನೆಯನ್ನ 1816ರ ಜುಲೈನಲ್ಲಿ ಬರೆದು ಮುಗಿಸಿದಳು, ಹಿಡಿಸಲಿಲ್ಲ, ಆಗಸ್ಟ್ ಹೊತ್ತಿಗೆ ಬೇರೆ ಬರೆದಳು. ಕೈಬಿಟ್ಟ ಹಾಳೆಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ.

ಮೊದಲ ಕರಡಲ್ಲಿ ಅಡ್ಮಿರಲ್ ಕ್ರಾಫ್ಟ್ ನಾಯಕಿ ಆ್ಯನ್‌ಳನ್ನ ಮನೆಯೊಳಗೆ ಕರೆದು ಅವಳ ಹಳೇ ಪ್ರೇಮಿ ವೆಂಟ್‌ವರ್ತ್ ಇರೋ ಕೋಣೆಗೆ ಬಿಡ್ತಾನೆ. ನೀನು ನಿನ್ನ ನೆಂಟ ಎಲಿಯಟ್‌ನ ಮದುವೆ ಆಗ್ತೀಯಂತೆ ನಿಜವಾ ಅಂತ ಅಡ್ಮಿರಲ್ ಪರವಾಗಿ ವೆಂಟ್‌ವರ್ತ್ ಕೇಳಬೇಕಾಗುತ್ತೆ. ಅವಳು ಇಲ್ಲ ಅಂತಾಳೆ, ಇಬ್ಬರಿಗೂ ಅರ್ಥ ಆಗುತ್ತೆ, ಮುಗೀತು. ಎಂಟು ವರ್ಷದ ಮುನಿಸು ಮೂರನೆಯವರು ಕಟ್ಟಿದ ಸಂದರ್ಭದಲ್ಲಿ ತೀರಿಹೋಗುತ್ತೆ. ನಮ್ಮ ಏರ್‌ಪೋರ್ಟ್ ಕೊನೆಯ ಹಾಗೇ.

ಹೊಸದರಲ್ಲಿ ಒಂದು ಹೋಟೆಲಿನ ಕೋಣೆ. ವೆಂಟ್‌ವರ್ತ್ ಮೇಜಿನ ಹತ್ತಿರ ಏನೋ ಬರೀತಿದ್ದಾನೆ. ಆ ಕಡೆ ಆ್ಯನ್ ಕ್ಯಾಪ್ಟನ್ ಹಾರ್‌ವಿಲ್ ಜೊತೆ ವಾದಕ್ಕೆ ಬಿದ್ದಿದ್ದಾಳೆ: ಆಸೆಯೇ ಹೋದ ಮೇಲೂ ಪ್ರೀತಿಸುತ್ತಲೇ ಇರೋದು ಹೆಣ್ಣಿನ ಪಾಲು ಅಂತ. ಅವನ ಕೈಯಿಂದ ಪೆನ್ನು ಜಾರಿ ಬೀಳುತ್ತೆ. ಅಲ್ಲೇ ಪತ್ರ ಬರೆದು, ಕೈಗವಸು ಮರೆತ ನೆಪದಲ್ಲಿ ವಾಪಸ್ ಬಂದು ಅವಳ ಮುಂದಿಟ್ಟು ಹೋಗ್ತಾನೆ. ಇಲ್ಲಿ ಅವಳ ಮಾತೇ ಅವನ ಬಾಯಿ ಬಿಡಿಸ್ತು. ಮಾತಾಡದ ಗಂಡಸಿಗೆ ಪತ್ರ ಕೊಟ್ಟದ್ದೂ ಸರಿಯಾಗಿದೆ, ಎದುರಿಗೆ ಬಾಯಿ ಬರದವನು ಅವನು.

ಮಲ್ಲಿಗೆಮೊಗ್ಗು
ಪೆನ್ನು ಬಿದ್ದ ಸದ್ದು! ಅದನ್ನ ಎಷ್ಟು ಸಲ ಓದಿದ್ರೂ ಮೈ ಜುಮ್ ಅನ್ನುತ್ತೆ.

ಧಾರವಾಡಪೇಡೆ
ಒಂದ್ ಬ್ಯಾರೆ ಮಾತು ಕೇಳ್ತೇನಿ. ಕನ್ನಡದೊಳಗ ಹೀರೋ ‘ನೀನು’ ಅಂತಾನ, ಅಕಿ ‘ನೀವು’ ಅಂತಾಳ. ರಾಜಿ ಆದಮ್ಯಾಲೂ ಹಂಗ ಉಳೀಬೇಕೇನ್ರೀ?

ಕಂತುಕತೆ
ಒಳ್ಳೇ ಪ್ರಶ್ನೆ. ಇಂಗ್ಲಿಷಿನವರಿಗೆ ಇಲ್ಲದ ಆಯುಧ ಇದು, ನಾವು ಬಳಸೋದೇ ಇಲ್ಲ. ಜಗಳದಲ್ಲಿ ಅವಳು ‘ನೀವು’ ಬಿಟ್ಟು ಮೊದಲ ಸಲ ‘ನೀನು’ ಅಂದರೆ ಬೆಂಕಿ. ಜೊತೇಲಿ ಓದಿದವರಾದರೆ ತಿರುಗಾಮುರುಗಾ: ಬ್ರೇಕಪ್ ಆದಮೇಲೆ ಅವಳು ‘ನೀವು’ ಅಂದಳು ಅಂದರೆ ಬಾಗಿಲು ಹಾಕಿದ ಹಾಗೆ. ಅವಳು ವಾಪಸ್ ‘ನೀನು’ಗೆ ಬರೋ ಸಾಲೇ ರಾಜಿ. ಆ ಬದಲಾವಣೆ ಪುಸ್ತಕಕ್ಕೆ ಒಂದೇ ಸಲ ಬರಲಿ, ಕೆಳಗೆ ವಿವರಣೆ ಬೇಡ.

ಕರಡುತಿದ್ದು
ಅದೇ ದಾರೀಲಿ ಕರಡಿನ ಕ್ರಿಯಾಪದಗಳನ್ನ ನೋಡೋಣ. ತಪ್ಪಿಸಿಕೊಳ್ಳೋ ಗಂಡಸಿಗೆ ಕನ್ನಡ ಬಹಳ ಅನುಕೂಲ ಮಾಡಿಕೊಡುತ್ತೆ.

‘ತಪ್ಪಾಯ್ತು’: ಯಾರು ಮಾಡಿದ್ದು? ವಾಕ್ಯದಲ್ಲಿ ಯಾರೂ ಇಲ್ಲ, ಮಳೆ ಆದ ಹಾಗೆ ತಪ್ಪು ಆಯ್ತು. ‘ತಪ್ಪು ಮಾಡಿದೆ’ ಅಂದರೆ ಅವನು ಬಂದ.
‘ಅಂದುಬಿಟ್ಟೆ’: ಆ ‘ಬಿಟ್ಟೆ’ ಬಂದ ತಕ್ಷಣ ಕೈಮೀರಿ ಆದದ್ದು ಅನ್ನೋ ಧಾಟಿ. ‘ಅಂದೆ’ ಸಾಕು. ‘ಏನೇನೋ’ನೂ ಬೇಡ. ಏನಂದ ಅಂತ ಅದೇ ಮಾತನ್ನ ಅವನು ತಿರುಗಿ ಹೇಳಬೇಕು.
‘ನೋವಾಗಿದ್ರೆ’: ಆಗಿದೆಯೋ ಇಲ್ಲವೋ ಅಂತ ಇವನಿಗೆ ಇನ್ನೂ ಅನುಮಾನ ಇದೆಯಾ? ‘ನೋಯಿಸಿದೆ’.
‘ನೀನಿಲ್ದೆ ಬದುಕೋಕಾಗಲ್ಲ’: ಇದು ಅವನ ಕಷ್ಟ. ಕ್ಷಮೆ ಕೇಳೋ ಹೊತ್ತಲ್ಲಿ ಹೊಸ ಹೊರೆ ಅವಳ ತಲೆ ಮೇಲೆ.

ಐದು ವಾಕ್ಯ, ಆ ‘ಅಂದುಬಿಟ್ಟೆ’ ಒಂದು ಬಿಟ್ಟರೆ ‘ನಾನು’ ಅನ್ನೋದು ಕರ್ತೃವಾಗಿ ನಿಂತು ಮಾಡಿದ ಕೆಲಸ ಇನ್ನೊಂದಿಲ್ಲ. ‘ಕಣೇ’ ಕೂಡ ತೆಗೀರಿ. ಮೂರು ತಿಂಗಳು ಮಾತಿಲ್ಲದವನಿಗೆ ಮೊದಲ ವಾಕ್ಯದಲ್ಲೇ ಆ ಸಲಿಗೆ ಇರಲ್ಲ.

ಕೊನೇಪುಟ
ತಿದ್ದಿದೆ, ನೋಡಿ:

«ಅಪ್ಪನ ಆಪರೇಷನ್ ದಿನ ನೀನು ನಾಲ್ಕು ಸಲ ಫೋನ್ ಮಾಡಿದೆ. ಫೋನ್ ನನ್ನ ಕೈಯಲ್ಲೇ ಇತ್ತು. ನೋಡಿದೆ, ಎತ್ತಲಿಲ್ಲ. ಮಾರನೇ ದಿನ ‘ನಾನೇನು ಡಾಕ್ಟರಾ’ ಅಂದೆ.»

ಬೇವುಬೆಲ್ಲ
ಅಬ್ಬಾ. ‘ನೋಡಿದೆ, ಎತ್ತಲಿಲ್ಲ.’ ಕ್ಷಮಿಸು ಅನ್ನೋ ಪದವೇ ಬೇಕಿಲ್ಲ.

ಮನಸುಓದು
ಸರಿಪಡಿಸೋ ಭಾಗ ಇನ್ನೂ ಇಲ್ಲ. ಅದು ಮಾತಲ್ಲಿ ಬರದಿದ್ದರೆ ಒಳ್ಳೇದು, ಮುಂಚಿನ ಆ 7,000 ಪದದಲ್ಲಿ ಬರಲಿ. ಅಪ್ಪನಿಗೆ ಆಪರೇಷನ್ ಆದಮೇಲೆ ಚೆಕಪ್‌ಗಳು ಇರುತ್ತವಲ್ಲ, ಅಲ್ಲಿ ಏನಾದ್ರೂ ಮಾಡಬಹುದು.

ಕಡಲತೀರ
ಅಪ್ಪನ ಮೂಲಕ ಅವಳ ಮನಸ್ಸು ಗೆಲ್ಲೋ ತಂತ್ರ ಆಗಬಾರದು, ಜೋಪಾನ. ಅಪ್ಪನೇ ಬೈದು ಕಳಿಸಲಿ ಒಂದು ಸಲ.

ಮಲ್ಲಿಗೆಮೊಗ್ಗು
ಅವಳು ತಕ್ಷಣ ತಬ್ಬಬಾರದು. ಅವಳ ಉತ್ತರ ಹೀಗಿರಲಿ: «ನಾಲ್ಕಲ್ಲ, ಆರು.»

ಕರಡುತಿದ್ದು
ಚೆನ್ನಾಗಿದೆ, ಆದ್ರೆ ಅವನ ಫೋನಲ್ಲೇ ಮಿಸ್ಡ್ ಕಾಲ್ ಎಣಿಕೆ ಇರುತ್ತೆ. ಬದಲಾದವನು ಅಂತ ಬಂದು ಅದನ್ನೂ ತಪ್ಪು ಹೇಳಿದರೆ ನೋಡ್ಕೊಂಡೂ ಬಂದಿಲ್ಲ ಅಂತಾಗುತ್ತೆ.

ಮಲ್ಲಿಗೆಮೊಗ್ಗು
ಇನ್ನೆರಡು ಸಲ ಅವಳು ಆಸ್ಪತ್ರೆಯ ಲ್ಯಾಂಡ್‌ಲೈನಿಂದ ಮಾಡಿದ್ದು. ತನ್ನ ನಂಬರ್ ನೋಡಿ ಎತ್ತುತ್ತಿಲ್ಲವೇನೋ ಅಂತ. ಅದು ಅವನಿಗೆ ಈಗ ಗೊತ್ತಾಗುತ್ತೆ.

ಧಾರವಾಡಪೇಡೆ
ಅಯ್ಯೋ ದೇವರ.

ಕೊನೇಪುಟ
ಹಾಗೇ ಹಾಕ್ತೀನಿ. ಲ್ಯಾಂಡ್‌ಲೈನ್ ಕಾಲ್ ಎರಡನ್ನೂ 26ನೇ ಅಧ್ಯಾಯದಲ್ಲಿ ಅವಳ ಕಡೆಯಿಂದ ತೋರಿಸಿರಬೇಕು, ಇಲ್ಲಾಂದ್ರೆ ಇಲ್ಲಿ ತಂದು ಅಂಟಿಸಿದ ಹಾಗಾಗುತ್ತೆ. ಬ್ರೇಕಪ್ಪನ್ನ 31ರಿಂದ 27ಕ್ಕೆ ಎಳೀತಿದ್ದೀನಿ. ಅವನ ಅಧ್ಯಾಯಗಳನ್ನ ಪಕ್ಕಕ್ಕಿಟ್ಟು ಒಂದು ಸಲ ಓದಿ, ಅವಳು ‘ಹೂಂ’ ಅಂತಾಳೋ ಇಲ್ಲವೋ ಇಲ್ಲೇ ಬರೀತೀನಿ.